ರೋಥ್-ಸ್ಟೈಯರ್ 1907 ರಿವ್ಯೂ: ಲೂಗರ್ ಹಿಂದೆ ಬಿದ್ದಿರೋರು ಒಂದ್ಸಲ ಇದನ್ನೂ ಕೈಯಲ್ಲಿ ಹಿಡಿದು ನೋಡಿ

ಹಳೇ ಮಿಲಿಟರಿ ಪಿಸ್ತೂಲ್ ಕಲೆಕ್ಟ್ ಮಾಡೋ ಹುಚ್ಚು ಹೊಸದಾಗಿ ಹತ್ತಿದವರು ಕೇಳೋದು ಒಂದೇ ಪ್ರಶ್ನೆ, ಲೂಗರ್ ತಗೊಳ್ಳಲಾ ಮೌಸರ್ ತಗೊಳ್ಳಲಾ ಅಂತ. ತಪ್ಪೇನಿಲ್ಲ, ಎರಡೂ ಒಳ್ಳೇ ಜರ್ಮನ್ ಮಾಲೇ. ಆದ್ರೆ ಎರಡೂ ಲಕ್ಷಗಟ್ಟಲೆ ತಯಾರಾದವು, ಮೌಸರ್ ಸಿ96 ಒಂದೇ ಹತ್ತು ಲಕ್ಷ ದಾಟಿದೆ ಅಂತಾರೆ, ಅದರ ಮೇಲೆ ಎಲ್ರಿಗೂ ಅದೇ ಬೇಕು ಅನ್ನೋ ಕಾರಣಕ್ಕೆ ರೇಟ್ ಮಾತ್ರ ಆಕಾಶದಲ್ಲಿ. ಇದರ ಮಧ್ಯೆ ಒಂದು ಲಕ್ಷದ ಒಳಗೇ ತಯಾರಾಗಿ, ಒಂದು ದೊಡ್ಡ ಸಾಮ್ರಾಜ್ಯದ ಸೇನೆ ಸೀರಿಯಸ್ಸಾಗಿ ತಗೊಂಡು ಕುದುರೆ ಸವಾರರ ಕೈಗೆ ಕೊಟ್ಟಿದ್ದ ಪಿಸ್ತೂಲ್ ಒಂದಿದೆ, ಅದನ್ನ ಕೇಳೋರು ಕಮ್ಮಿ. ಅದೇ ಆಸ್ಟ್ರಿಯಾ-ಹಂಗೇರಿಯ ರೋಥ್-ಸ್ಟೈಯರ್ ಎಂ1907. ನನ್ನ ಹತ್ರ ಒಂದಿದೆ, ಸ್ಟೈಯರ್ ಕಾರ್ಖಾನೆಯದ್ದು. ಈ ಸಾಲಿನ ಬೇರೆ ಪಿಸ್ತೂಲ್‌ಗಳನ್ನೂ ಪರಿಚಯದವರ ಕಲೆಕ್ಷನ್‌ನಲ್ಲಿ ತಿರುಗಿಸಿ ಮುರುಗಿಸಿ ನೋಡಿದೀನಿ, ಆಮೇಲೇ ಇದನ್ನ ಬರೀತಿರೋದು.

ಮೊದಲೇ ಹೇಳ್ಬಿಡ್ತೀನಿ, ಇದು ಶೂಟಿಂಗ್ ರಿವ್ಯೂ ಅಲ್ಲ. ನೂರು ವರ್ಷ ದಾಟಿದ ಸ್ಪ್ರಿಂಗು, ನೂರು ವರ್ಷ ದಾಟಿದ ಉಕ್ಕು, ಯಾಕ್ ಬೇಕು ಆ ರಿಸ್ಕು. ಕಲೆಕ್ಟ್ ಮಾಡೋ ವಸ್ತುವಾಗಿ ಹೇಗಿದೆ ಅನ್ನೋದಷ್ಟೇ ನನ್ನ ಮಾತು.

ನೋಡೋಕೆ ಚೆಂದ ಇದ್ಯಾ ಅಂದ್ರೆ, ಇಲ್ಲ ಕಣ್ರಪ್ಪಾ. ಲೂಗರ್‌ಗಿರೋ ಆ ಓರೆ ಹಿಡಿಯ ಸ್ಟೈಲು ಇದಕ್ಕಿಲ್ಲ, ಮೌಸರ್‌ನ ಗತ್ತೂ ಇಲ್ಲ. ಸೈಕಲ್ ಪಂಪಿಗೆ ಮರದ ಹಿಡಿ ಹಾಕಿದಂಗಿದೆ. ಮೇಲೆ ಉದ್ದಕ್ಕೆ ಒಂದು ದುಂಡನೆ ಕೊಳವೆ, ಹಿಂದುಗಡೆ ಬೋಲ್ಟ್‌ನ (ತೋಟಾ ಹಿಂದೆ ಬಾಗಿಲ ಥರ ಮುಚ್ಚಿ, ಹಿಂದೆ ಮುಂದೆ ಓಡೋ ಭಾಗ) ತುದಿಯಲ್ಲಿ ಹಿಡ್ಕೊಂಡು ಎಳೆಯೋಕೆ ಒಂದು ಗುಂಡಿ, ಕೆಳಗೆ ಉದ್ದುದ್ದ ಗೀರು ಹೊಡೆದ ಮರದ ಹಿಡಿ. ಉದ್ದ ಸುಮಾರು 233 ಎಂಎಂ, ತೂಕ ಒಂದು ಕೆಜಿಗಿಂತ ಚೂರು ಜಾಸ್ತಿ. ಫೋಟೋದಲ್ಲಿ ನೋಡಿ ಮುಖ ಸಿಂಡರಿಸೋರು ಕೈಯಲ್ಲಿ ಹಿಡಿದ ಮೇಲೆ ಸುಮ್ನಾಗ್ತಾರೆ, ಯಾಕಂದ್ರೆ ಹಿಡಿ ಅಂಗೈಗೆ ಸರಿಯಾಗಿ ಕೂರುತ್ತೆ, ತೂಕ ಎಲ್ಲಾ ಕೈ ಹತ್ರಾನೇ ಇರುತ್ತೆ, ಮೌಸರ್ ಥರ ಮೂತಿ ಕೆಳಗೆ ಎಳೆಯಲ್ಲ.

ಆದ್ರೆ ಇದರ ಮಜಾ ಇರೋದು ಒಳಗೆ. ಇದರ ಹಿಂದಿರೋ ತಲೆ ಕಾರೆಲ್ ಕ್ರಿಂಕಾ ಅನ್ನೋ ಬೊಹೀಮಿಯಾದ ಡಿಸೈನರ್, ಹೆಸರು ಮಾತ್ರ ವಿಯೆನ್ನಾದ ತೋಟಾ ಕಾರ್ಖಾನೆ ಧಣಿ ಗೇಯೋರ್ಗ್ ರೋಥ್‌ದು. ರೋಥ್ ತೋಟಾ ಮಾಡೋ ಮನುಷ್ಯ, ಸೇನೆಗೆ ಬೇಕಾದಷ್ಟು ಪಿಸ್ತೂಲ್ ಮಾಡಿ ಕೊಡೋ ಕೆಲಸ ಸ್ಟೈಯರ್‌ಗೆ ಹೋಯ್ತು, ಆಮೇಲೆ ಬುಡಾಪೆಸ್ಟ್‌ನ ಫೆಗ್ಯಾವರ್‌ಗ್ಯಾರ್ ಅನ್ನೋ ಕಾರ್ಖಾನೆಗೂ ಹೋಯ್ತು. 1907ರಲ್ಲಿ ಆಸ್ಟ್ರಿಯಾ-ಹಂಗೇರಿಯ ಅಶ್ವದಳ ಇದನ್ನ ಒಪ್ಕೊಂಡಿತು. ಸ್ವಿಸ್ ಸೇನೆ 1900ರಲ್ಲೇ ಲೂಗರ್ ತಗೊಂಡಿತ್ತು ನಿಜ, ಜರ್ಮನ್ ನೌಕಾಪಡೆ 1904ರಲ್ಲಿ ತಗೊಂಡಿತ್ತು ಅದೂ ನಿಜ, ಆದ್ರೆ ಯುರೋಪಿನ ದೊಡ್ಡ ಶಕ್ತಿಗಳ ಭೂಸೇನೆಗಳಲ್ಲಿ ಸೆಲ್ಫ್-ಲೋಡಿಂಗ್ (ಗುಂಡು ಹಾರಿದ ಮೇಲೆ ಮುಂದಿನ ತೋಟಾ ತಾನೇ ತುಂಬ್ಕೊಳ್ಳೋ) ಪಿಸ್ತೂಲನ್ನ ಮೊದಲು ಅಧಿಕೃತವಾಗಿ ತಗೊಂಡಿದ್ದು ಇವರೇ. ಜರ್ಮನ್ ಭೂಸೇನೆ ಲೂಗರ್‌ಗೆ ಹೂಂ ಅಂದಿದ್ದು 1908ರಲ್ಲಿ, ಅಂದ್ರೆ ಇವರಾದ ಮೇಲೆ. ಈ ಮಾತು ಹೇಳಿದ್ರೆ ಲೂಗರ್ ಅಭಿಮಾನಿಗಳು ಸ್ವಲ್ಪ ಉರ್ಕೊಳ್ತಾರೆ, ಉರ್ಕೊಳ್ಳಲಿ ಬಿಡಿ.

ಈಗ ಆ ಟ್ರಿಗರ್ ಕಥೆ. ಅಶ್ವದಳದವನ ಪರಿಸ್ಥಿತಿ ಯೋಚ್ನೆ ಮಾಡಿ, ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಪಿಸ್ತೂಲು, ಕುದುರೆ ಬೆದರಿ ಒಂದು ಕಡೆ ಹಾರಿತು ಅಂದ್ರೆ ಬೆರಳು ತಾನಾಗೇ ಬಿಗಿಯಾಗುತ್ತೆ. ಮೊದಲ ಗುಂಡು ಹೊಡೆದ ಮೇಲೆ ಸೆಲ್ಫ್-ಲೋಡಿಂಗ್ ಪಿಸ್ತೂಲು ಮತ್ತೆ ಪೂರ್ತಿ ಕಾಕ್ ಆಗಿ, ಅಂದ್ರೆ ಹೊಡೆಯೋ ಸ್ಪ್ರಿಂಗ್ ಬಿಗಿದು, ರೆಡಿಯಾಗಿ ಕೂತಿರುತ್ತಲ್ಲ, ಟ್ರಿಗರ್ ಹಗುರ ಇದ್ರೆ ಎರಡನೇ ಗುಂಡು ಕುದುರೆಯ ಕುತ್ತಿಗೆಗೋ ಪಕ್ಕದವನ ಬೆನ್ನಿಗೋ ಹೋಗೋದೇ. ರೋಥ್-ಸ್ಟೈಯರ್‌ನಲ್ಲಿ ಏನ್ಮಾಡಿದಾರೆ ಅಂದ್ರೆ, ಬೋಲ್ಟ್ ಹಿಂದೆ ಹೋಗಿ ಮುಂದೆ ಬಂದಾಗ ಸ್ಟ್ರೈಕರ್, ಅಂದ್ರೆ ತೋಟಾಗೆ ಹೊಡೆಯೋ ಸೂಜಿ, ಅರ್ಧ ಮಾತ್ರ ಕಾಕ್ ಆಗುತ್ತೆ, ಉಳಿದ ಅರ್ಧ ಬೆರಳಿನ ಕೆಲಸ. ಪ್ರತಿ ಸಲನೂ ಟ್ರಿಗರ್‌ನ ಉದ್ದಕ್ಕೆ ಎಳೆದು ಆ ಸ್ಪ್ರಿಂಗ್‌ನ ಪೂರ್ತಿ ಒತ್ತಿದ ಮೇಲೇ ಅದು ಬಿಡೋದು. ಬೇಕು ಅಂತ ಎಳೆದ್ರೆ ಮಾತ್ರ ಹಾರುತ್ತೆ. ಇವತ್ತು ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲಿನ ಟ್ರಿಗರ್ ಬಗ್ಗೆ ಪುಟಗಟ್ಟಲೆ ಬರೀತಾರಲ್ಲ, ಅದರ ಮೂಲ ಐಡಿಯಾ ಎಪ್ಪತ್ತು ಎಂಬತ್ತು ವರ್ಷ ಮೊದಲೇ ಇಲ್ಲಿ ಕೂತಿದೆ, ಅದೂ ಆಸ್ಟ್ರಿಯಾದಲ್ಲೇ! ಹೊರಗಡೆ ಬೇರೆ ಸೇಫ್ಟಿ ಲಿವರ್ ಇಲ್ಲ, ಬೇಕಾಗಿಲ್ಲ ಅಂತ ಬಿಟ್ಟಿದಾರೆ.

ಲಾಕಿಂಗ್ ಕೂಡ ಅಷ್ಟೇ ವಿಚಿತ್ರ. ಬೋಲ್ಟ್ ಉದ್ದವಾಗಿದೆ, ಅದರ ಮುಂದಿನ ಭಾಗ ಟೊಳ್ಳು, ಆ ಟೊಳ್ಳಿನೊಳಗೆ ಬ್ಯಾರೆಲ್ ಕೂರುತ್ತೆ. ಗುಂಡು ಹಾರಿದಾಗ ಎರಡೂ ಒಟ್ಟಿಗೆ ಸ್ವಲ್ಪ ಹಿಂದೆ ಬರುತ್ತವೆ, ಬರ್ತಾ ಬರ್ತಾ ಬ್ಯಾರೆಲ್ 90 ಡಿಗ್ರಿ ತಿರುಗಿ ಬೋಲ್ಟ್‌ನಿಂದ ಬಿಡಿಸ್ಕೊಳ್ಳುತ್ತೆ, ಆಮೇಲೆ ಬೋಲ್ಟ್ ಒಂದೇ ಹಿಂದಕ್ಕೆ. ಖಾಲಿ ಪಿಸ್ತೂಲನ್ನ ಚೆಕ್ ಮಾಡಿ, ಮತ್ತೊಂದ್ಸಲ ಚೆಕ್ ಮಾಡಿ, ಆಮೇಲೆ ಹಿಂದಿನ ಗುಂಡಿ ಹಿಡಿದು ನಿಧಾನಕ್ಕೆ ಎಳೆಯಿರಿ, ಮೂತಿ ಕಡೆಯಿಂದಲ್ಲ ಪಕ್ಕದಿಂದ ನೋಡ್ತಾ ಇರಿ, ಆ ಬ್ಯಾರೆಲ್ ತಿರುಗೋದು ಬೆರಳಿಗೇ ಗೊತ್ತಾಗುತ್ತೆ, ಮೊದಲು ಒಂದು ಸಣ್ಣ ಬಿಗಿ, ಆಮೇಲೆ ತಟ್ಟನೆ ಹಗುರ. ಕಂಡೀಷನ್ ಚೆನ್ನಾಗಿರೋ ಪಿಸ್ತೂಲಲ್ಲಿ ಈ ಚಲನೆ ಎಷ್ಟು ನಯ ಅಂದ್ರೆ, ಲೂಗರ್‌ನ ಟಾಗಲ್ಲನ್ನ (ಮೊಣಕಾಲಿನ ಥರ ಮಡಚೋ ಕೀಲು) ಹೊಗಳೋರು ಇದನ್ನ ಒಂದ್ಸಲ ಎಳೆದು ನೋಡ್ಬೇಕು. ಮಧ್ಯದಲ್ಲಿ ಕರಕರ ಅಂದ್ರೆ ಒಳಗೆ ತುಕ್ಕೋ, ಒಣಗಿದ ಹಳೇ ಗ್ರೀಸೋ ಇದೆ ಅಂತರ್ಥ. ಗ್ರೀಸ್ ಆದ್ರೆ ಪರವಾಗಿಲ್ಲ.

ಮ್ಯಾಗಜಿನ್ ಹಿಡಿಯೊಳಗೇ ಇದೆ ಆದ್ರೆ ಹೊರಗೆ ತೆಗೆಯೋಕಾಗಲ್ಲ. ಬೋಲ್ಟ್ ಹಿಂದೆ ಎಳೆದು ಮೇಲಿನಿಂದ ಕ್ಲಿಪ್ (ತೋಟಾಗಳನ್ನ ಸಾಲಾಗಿ ಹಿಡಿಯೋ ತಗಡಿನ ಪಟ್ಟಿ) ಇಟ್ಟು ಹತ್ತು ತೋಟಾ ಕೆಳಗೆ ಒತ್ತಬೇಕು. ಕಲೆಕ್ಟರ್‌ಗೆ ಇದರಿಂದ ಒಂದು ದೊಡ್ಡ ಲಾಭ ಇದೆ, ಯಾರೂ ಹೇಳಲ್ಲ. ಲೂಗರ್ ತಗೊಂಡ್ರೆ ಮ್ಯಾಗಜಿನ್ ನಂಬರ್ ಮ್ಯಾಚ್ ಆಗುತ್ತಾ, ಬಾಟಮ್ ಮರದ್ದಾ ಅಲ್ವಾ, ಬದಲಾಯಿಸಿದಾರಾ ಅಂತ ತಲೆ ಕೆಡಿಸ್ಕೊಂಡು ಕೂರಬೇಕು, ಮ್ಯಾಚಿಂಗ್ ಮ್ಯಾಗಜಿನ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಬೆಲೆ ಇಳಿಯುತ್ತೆ. ಇಲ್ಲಿ ಕಳೆದುಹೋಗೋಕೆ ಮ್ಯಾಗಜಿನ್ನೇ ಇಲ್ಲ! ಆದ್ರೆ ಕ್ಲಿಪ್ ಕಳೆದುಹೋಗಿರುತ್ತೆ, ಅದರ ಮಾತು ಕೊನೆಗೆ.

ತೋಟಾ 8 ಎಂಎಂ ರೋಥ್-ಸ್ಟೈಯರ್, ಅಂದ್ರೆ 8x18.5 (ಮೊದಲನೇದು ಗುಂಡಿನ ಅಗಲ, ಎರಡನೇದು ತೋಟಾ ಕೇಸಿನ ಉದ್ದ, ಎಂಎಂನಲ್ಲಿ). ಈ ಪಿಸ್ತೂಲಿಗಷ್ಟೇ ಹುಟ್ಟಿದ ತೋಟಾ ಅಂದ್ರೂ ನಡೆಯುತ್ತೆ. ಇಟಲಿಯ ಫಿಯೋಕಿ ಕಂಪನಿ ಆಗಾಗ ಮಾಡಿ ಬಿಟ್ಟಿದೆ, ಇಲ್ಲಾಂದ್ರೆ ಹಳೇ ಡಬ್ಬಿಗಳನ್ನ ಹುಡುಕಬೇಕು, ಅವೂ ಕಲೆಕ್ಷನ್ ವಸ್ತುಗಳೇ ಆಗಿಬಿಟ್ಟಿವೆ. ಬೆಲೆ ಕಮ್ಮಿ ಇರೋಕೆ ಇದು ಒಂದು ಕಾರಣ ಅಂತ ನನ್ನ ಲೆಕ್ಕ, ಹೊಡೆಯೋಕೆ ಬೇಕು ಅನ್ನೋರು ಈ ಕಡೆ ತಿರುಗಿಯೂ ನೋಡಲ್ಲ. ನಮಗೆ ಒಳ್ಳೇದೇ ಆಯ್ತು.

ಈಗ ಮುಖ್ಯವಾದ ವಿಷಯ, ಬಿಲ್ಲೆ. ಹಿಡಿಯ ಬಲಗಡೆ ಮರದೊಳಗೆ ಒಂದು ಸಣ್ಣ ಲೋಹದ ಬಿಲ್ಲೆ ಕೂರಿಸಿರ್ತಾರೆ, ನಾಣ್ಯದ ಅಳತೆ. ಅದರ ಮೇಲೆ ರೆಜಿಮೆಂಟ್‌ನ ಗುರುತು, ಆ ರೆಜಿಮೆಂಟಲ್ಲಿ ಆ ಪಿಸ್ತೂಲಿನ ನಂಬರು. ಡ್ರಗೂನ್, ಹುಸಾರ್, ಉಲಾನ್, ಹೀಗೆ ಆ ಸಾಮ್ರಾಜ್ಯದ ಅಶ್ವದಳದಲ್ಲಿ ಬಗೆಬಗೆ ರೆಜಿಮೆಂಟ್‌ಗಳಿದ್ವು, ಒಬ್ಬೊಬ್ಬರದ್ದು ಒಂದೊಂದು ಊರು, ಒಂದೊಂದು ಭಾಷೆ, ಆ ಒಂದು ಬಿಲ್ಲೆ ಓದಿದ್ರೆ ನಿಮ್ಮ ಪಿಸ್ತೂಲು 1914ರಲ್ಲಿ ಯಾವ ಗುಂಪಿನ ಜೊತೆ ಹೊರಟಿತ್ತು ಅಂತ ಹುಡುಕೋಕೆ ದಾರಿ ಸಿಗುತ್ತೆ. ಲೂಗರ್‌ಗೂ ಯೂನಿಟ್ ಗುರುತು ಇರುತ್ತೆ, ಆದ್ರೆ ಅದು ಲೋಹದ ಮೇಲೆ ಸಣ್ಣಕ್ಷರದಲ್ಲಿ ಎಲ್ಲೋ ಕೊರೆದದ್ದು, ಇಲ್ಲಿ ಎದುರಿಗೇ ಬೋರ್ಡ್ ಹಾಕಿದ ಥರ ಇದೆ. ನನ್ನದರ ಬಿಲ್ಲೆ ಸವೆದಿದೆ, ಅಂಚಿನಲ್ಲಿ ಅಂಗೈ ಉಜ್ಜಿ ಉಜ್ಜಿ ಅಕ್ಷರಗಳ ಕಾಲು ಅಳಿಸಿಹೋಗಿದೆ, ಬೆಳಕನ್ನ ಓರೆಯಾಗಿ ಬಿಟ್ಟು ಭೂತಗನ್ನಡಿ ಹಿಡಿದ್ರೆ ಮಾತ್ರ ಓದೋಕಾಗೋದು. ಮರ ಬಿಲ್ಲೆಯ ಸುತ್ತ ಕಪ್ಪಾಗಿದೆ, ಬೆವರು ಎಣ್ಣೆ ಸೇರಿ ಕೂತ ಕಪ್ಪು, ಅದನ್ನ ನಾನು ಮುಟ್ಟಲ್ಲ.

ಬಿಲ್ಲೆ ಖಾಲಿ ಇರೋ ಪಿಸ್ತೂಲುಗಳೂ ಸಿಗುತ್ತವೆ. ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯ ಚೂರಾದ ಮೇಲೆ ಇವು ಇಟಲಿ, ಯುಗೊಸ್ಲಾವಿಯಾ, ಹಂಗೇರಿ, ಜೆಕೊಸ್ಲೊವಾಕಿಯಾ, ಪೋಲೆಂಡ್ ಅಂತ ಚದುರಿ ಹೋದ್ವು, ಆಗ ಬಿಲ್ಲೆ ಕಿತ್ತವರೂ ಇದಾರೆ ಬದಲಾಯಿಸಿದವರೂ ಇದಾರೆ. ಖಾಲಿ ಬಿಲ್ಲೆ ಅಂದಾಕ್ಷಣ ನಕಲಿ ಅಂತ ಎಸೀಬೇಡಿ, ಆದ್ರೆ ತುಂಬಾ ಹೊಳೆಯೋ, ಅಕ್ಷರಗಳು ಚೂಪಾಗಿರೋ ಬಿಲ್ಲೆ ಸವೆದ ಮರದ ಮಧ್ಯೆ ಕೂತಿದ್ರೆ ಅನುಮಾನ ಪಡಿ. ಮರ ಸವೆದು ಬಿಲ್ಲೆ ಮಾತ್ರ ಸವೆಯದೇ ಇರೋಕೆ ಹೇಗೆ ಸಾಧ್ಯ ಸ್ವಾಮಿ?

ಇನ್ನು ಕಾರ್ಖಾನೆ ಗುರುತು. ಸ್ಟೈಯರ್‌ದಾದ್ರೆ ಮೇಲೆ ವಾಫನ್‌ಫಾಬ್ರಿಕ್ ಸ್ಟೈಯರ್ ಅಂತ ಇರುತ್ತೆ, ಬುಡಾಪೆಸ್ಟ್‌ದಾದ್ರೆ ಫೆಗ್ಯಾವರ್‌ಗ್ಯಾರ್ ಬುಡಾಪೆಸ್ಟ್ ಅಂತ. ಜೊತೆಗೆ ಸೇನೆ ಒಪ್ಕೊಂಡ ಮುದ್ರೆ, ವಿಯೆನ್ನಾ ಕಡೆಯದ್ದಕ್ಕೆ ಡಬ್ಲ್ಯೂಎನ್, ಹದ್ದು, ವರ್ಷದ ಕೊನೇ ಎರಡು ಅಂಕಿ. ಬುಡಾಪೆಸ್ಟ್‌ನಲ್ಲಿ ತಯಾರಾದವು ಕಮ್ಮಿ, ಸ್ಟೈಯರ್‌ದರ ಸುಮಾರು ಅರ್ಧ, ಹಾಗಾಗಿ ಎರಡೂ ಒಂದೇ ಕಂಡೀಷನ್‌ನಲ್ಲಿ ಒಂದೇ ರೇಟಿಗೆ ಎದುರಿಗಿದ್ರೆ ನಾನು ಬುಡಾಪೆಸ್ಟ್‌ದಕ್ಕೆ ಕೈ ಹಾಕ್ತೀನಿ. ಫಿನಿಶಿಂಗಲ್ಲಿ ಸ್ಟೈಯರ್ ಒಂದು ಕೈ ಮೇಲು ಅನ್ನೋರಿದಾರೆ, ನನಗಂತೂ ಆ ವ್ಯತ್ಯಾಸ ಕಣ್ಣಿಗೆ ಬಿದ್ದಿಲ್ಲ.

ಬ್ಲೂಯಿಂಗ್, ಅಂದ್ರೆ ಉಕ್ಕಿಗೆ ತುಕ್ಕು ಹಿಡಿಯದಂಗೆ ಏರಿಸೋ ನೀಲಿ-ಕಪ್ಪು ಬಣ್ಣ, ಅದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ದುಡ್ಡು ಹೋಗೋದೇ ಇಲ್ಲಿ. ಹಳೇ ಪಿಸ್ತೂಲನ್ನ ಪಾಲಿಶ್ ಮಾಡಿ ಮತ್ತೆ ನೀಲಿ ಏರಿಸಿ ಹೊಸದರ ಹಾಗೆ ಮಾಡಿ ಮಾರೋರು ಎಲ್ಲಾ ಕಡೆ ಇದಾರೆ. ನಾನು ಇದಕ್ಕೂ ಮೊದಲು ನೋಡಿದ್ದ ಒಂದು ಪೀಸ್‌ಗೆ ಹರಾಜಿನವರು ಒರಿಜಿನಲ್ ಫಿನಿಶ್ ಅಂತ ಕ್ಯಾಟಲಾಗಲ್ಲಿ ಬರೆದಿದ್ರು, ಹದ್ದಿನ ಮುದ್ರೆ ಹತ್ತಿರದಿಂದ ಫೋಟೋ ತೆಗೆದು ಕಳಿಸಿ ಅಂದೆ, ಒಂದು ವಾರ ಸತಾಯಿಸಿ ಮಬ್ಬು ಫೋಟೋ ಕಳಿಸಿದ್ರು, ಅದರಲ್ಲೇ ಗೊತ್ತಾಯ್ತು, ಹದ್ದಿನ ರೆಕ್ಕೆ ಗರಿಗಳೇ ಇಲ್ಲ, ಬರೀ ಒಂದು ಉಬ್ಬು ತಗ್ಗಿನ ಕಲೆ. ಪಾಲಿಶ್ ಮಾಡೋ ಚಕ್ರ ಮೊದಲು ತಿನ್ನೋದೇ ಮುದ್ರೆಯ ಅಂಚನ್ನ. ಒರಿಜಿನಲ್ ಆಗಿದ್ರೆ ಅಕ್ಷರ ಒತ್ತಿದ ಜಾಗದ ಸುತ್ತ ಲೋಹ ಒಂಚೂರು ಎದ್ದು ನಿಂತಿರುತ್ತೆ, ಉಗುರಿಗೆ ತಾಗುತ್ತೆ. ಇನ್ನೊಂದು, ನೀಲಿಯ ಕೆಳಗೆ ತುಕ್ಕಿನ ಗುಳಿ ಇದ್ರೆ ಅದು ಖಂಡಿತ ಆಮೇಲೆ ಏರಿಸಿದ ನೀಲಿ, ಯಾವ ಕಾರ್ಖಾನೆಯೂ ಗುಳಿ ಬಿದ್ದ ಲೋಹಕ್ಕೆ ಬಣ್ಣ ಕೊಟ್ಟು ಸೇನೆಗೆ ಕಳಿಸಲ್ಲ. ಮೂಲೆಗಳು ದುಂಡಗಾಗಿವೆಯಾ, ಸ್ಕ್ರೂ ತೂತು ಬಾವಿಯ ಥರ ಒಳಗೆ ಜಾರಿದ್ಯಾ ನೋಡಿ. ನನ್ನದರಲ್ಲಿ ನೀಲಿ ಅರ್ಧಕ್ಕರ್ಧ ಹೋಗಿ ಕಂದು ಬೂದು ಆಗಿದೆ, ಮೂತಿ ಹತ್ರ ಹೋಲ್ಸ್ಟರ್ ಉಜ್ಜಿದ ಕಡೆ ಬರೀ ಲೋಹ, ನೋಡಿದವರು ಇದನ್ನ ರೀಬ್ಲೂ ಮಾಡಿಸ್ಬಾರ್ದಾ ಅಂತ ಕೇಳ್ತಾರೆ. ಮಾಡಿಸ್ಬಾರ್ದು ಅಷ್ಟೇ.

ಬೇರೆ ಪಿಸ್ತೂಲ್‌ಗಳ ಜೊತೆ ಹೋಲಿಸಿ ಅಂತ ಕೇಳೇ ಕೇಳ್ತೀರ. ಮೌಸರ್ ಸಿ96 ಮೆಕ್ಯಾನಿಸಂ ನಿಜವಾಗ್ಲೂ ಅದ್ಭುತ, ಫೀಡರ್ಲೆ ಅಣ್ಣತಮ್ಮಂದಿರ ಕೆಲಸ, ಹಿಡಿಯ ಸ್ಕ್ರೂ ಒಂದು ಬಿಟ್ರೆ ಇಡೀ ಪಿಸ್ತೂಲಲ್ಲಿ ಸ್ಕ್ರೂನೇ ಇಲ್ಲ, ಭಾಗಗಳೇ ಒಂದಕ್ಕೊಂದು ಬೀಗ ಹಾಕ್ಕೊಂಡು ಕೂರುತ್ತವೆ. ಆದ್ರೆ ಸೇನೆಗಾಗಿ ಮಾಡಿದ ಸಿ96 ಬೇಕು ಅಂದ್ರೆ ಆಯ್ಕೆ ಕಮ್ಮಿ. 1899ರಲ್ಲಿ ಇಟಲಿ ನೌಕಾಪಡೆ ಐದು ಸಾವಿರ ತರಿಸ್ಕೊಂಡಿತ್ತು, ಆಟೊಮನ್ ತುರ್ಕರು ಅದಕ್ಕೂ ಮೊದಲು ಒಂದು ಸಾವಿರ ತಗೊಂಡಿದ್ರು, ಅವು ಸಿಕ್ಕಿದ್ರೆ ಪುಣ್ಯ. ಸಿಗೋದು ಮೊದಲ ಮಹಾಯುದ್ಧದ ರೆಡ್ ನೈನ್, ಹಿಡಿ ಮೇಲೆ ಕೆಂಪು ಬಣ್ಣದಲ್ಲಿ 9 ಅಂತ ಕೆತ್ತಿದ್ದು, 9 ಎಂಎಂ ಅಂತ ಗುರುತಿಗೆ. ಕಷ್ಟ ಏನಂದ್ರೆ ಮರಕ್ಕೆ 9 ಕೆತ್ತೋದು ಯಾರಿಗೂ ಬರುತ್ತೆ, ಮಾಮೂಲಿ ಸಿ96 ಹಿಡಿಗೆ ಒಂದು 9 ಕೆತ್ತಿ ರೇಟ್ ಏರಿಸೋ ದಂಧೆ ಇದೆ.

ಲೂಗರ್ ಬಗ್ಗೆ ಹೇಳೋದಿಲ್ಲ, ಎಲ್ರೂ ಹೇಳಿದಾರೆ. ಲೂಗರ್‌ನ ಅಪ್ಪ ಬೋರ್ಚಾರ್ಟ್ ಸಿ93 ಒಟ್ಟು ಮೂರು ಸಾವಿರದಷ್ಟು ತಯಾರಾಗಿದ್ದು, ಯಾವ ಸೇನೆಯೂ ಇಶ್ಯೂ ಮಾಡಲಿಲ್ಲ, ಆಸ್ತಿ ಮಾರಬೇಕು ಅದಕ್ಕೆ. ಬ್ರಿಟಿಷರ ಗ್ಯಾಬೆಟ್-ಫೇರ್‌ಫ್ಯಾಕ್ಸ್ ಮಾರ್ಸ್ ಅಂತೂ ಸುಮಾರು ಎಂಬತ್ತು ಪೀಸು, ಒದೆತ ಎಷ್ಟಿತ್ತೆಂದ್ರೆ ಒಂದ್ಸಲ ಹೊಡೆದವರು ಎರಡನೇ ಸಲಕ್ಕೆ ಬರ್ತಿರಲಿಲ್ಲ ಅಂತ ಮಾತಿದೆ, ಅದನ್ನ ಗಾಜಿನ ಪೆಟ್ಟಿಗೆ ಆಚೆಯಿಂದ ನೋಡಿ ಖುಷಿ ಪಡೋದು. ಜಪಾನಿನ ನಾಂಬು ಟೈಪ್ ಎ, ಅದರಲ್ಲೂ ಗ್ರಾಂಡ್‌ಪಾ ಅಂತ ಕಲೆಕ್ಟರ್‌ಗಳು ಕರೆಯೋದು ಎರಡೂವರೆ ಸಾವಿರದ ಆಸುಪಾಸು, ಕೈಗೆ ಸಿಕ್ಕಿದ್ರೆ ಬಿಡ್ಬೇಡಿ, ಆದ್ರೆ ಸಿಗಲ್ಲ. ಇಟಲಿಯ ಗ್ಲಿಸೆಂಟಿ 1910 ಅಗ್ಗವಾಗಿ ಸಿಗುತ್ತೆ, ಒಂದು ಎಚ್ಚರಿಕೆ ಮಾತ್ರ, ಅದರ 9 ಎಂಎಂ ತೋಟಾ ಅಳತೆಯಲ್ಲಿ 9 ಎಂಎಂ ಪ್ಯಾರಾಬೆಲಮ್ (ಲೂಗರ್‌ನ ತೋಟಾ) ಥರಾನೇ, ಶಕ್ತಿಯಲ್ಲಿ ಕಮ್ಮಿ, ಪ್ಯಾರಾಬೆಲಮ್ ಹಾಕಿ ಹೊಡೆದ್ರೆ ಆ ಮೆತ್ತನೆ ಫ್ರೇಮ್ ಕಥೆ ಮುಗೀತು.

ನಿಜವಾದ ಸ್ಪರ್ಧೆ ಇರೋದು ಇದರ ತಮ್ಮನ ಜೊತೆ, ಸ್ಟೈಯರ್ ಎಂ1912. ಅದೂ ಮೇಲಿನಿಂದ ಕ್ಲಿಪ್ ಹಾಕೋದು, ಎಂಟು ತೋಟಾ, 9x23, ಅದರಲ್ಲೂ ಬ್ಯಾರೆಲ್ ತಿರುಗುತ್ತೆ. ಪಿಸ್ತೂಲಾಗಿ ಅದು ಇದಕ್ಕಿಂತ ಗಟ್ಟಿ, ಒಪ್ತೀನಿ. ವೆರೈಟಿ ಕೂಡ ಜಾಸ್ತಿ, ಚಿಲಿ ಸೇನೆಯದ್ದು, ರೊಮೇನಿಯಾದ್ದು, ಆಮೇಲೆ 1938ರಲ್ಲಿ ಆಸ್ಟ್ರಿಯಾ ಜರ್ಮನಿಗೆ ಸೇರಿದ ನಂತರ 9 ಎಂಎಂ ಪ್ಯಾರಾಬೆಲಮ್‌ಗೆ ಬದಲಾಯಿಸಿ 08 ಅಂತ ಮುದ್ರೆ ಹೊಡೆದದ್ದು. ಇಡೀ ಸಾಲು ಜೋಡಿಸೋ ಆಸೆ ಇರೋರಿಗೆ 1912 ಸರಿ. ಒಂದೇ ಒಂದು ಇಟ್ಕೊಳ್ಳೋರಿಗೆ ನನ್ನ ವೋಟು 1907ಕ್ಕೆ, ಯಾಕಂದ್ರೆ 1912 ನೋಡಿದ್ರೆ ಮಾಮೂಲಿ ಪಿಸ್ತೂಲು ಅನ್ಸುತ್ತೆ, 1907 ನೋಡಿದ್ರೆ ಪಿಸ್ತೂಲು ಹೇಗಿರಬೇಕು ಅಂತ ಇನ್ನೂ ಯಾರಿಗೂ ತೀರ್ಮಾನ ಆಗಿರದ ಕಾಲದಲ್ಲಿ ಒಬ್ಬ ತಲೆ ಓಡಿಸಿದ್ದು ಕಾಣುತ್ತೆ.

ಮೈನಸ್ ಇಲ್ವಾ ಅಂದ್ರೆ ಇದೆ. ಬಿಡಿಭಾಗ ಸಿಗಲ್ಲ, ಒಂದು ಸ್ಪ್ರಿಂಗ್ ಹೋಯ್ತು ಅಂದ್ರೆ ಇನ್ನೊಂದು ಪಿಸ್ತೂಲ್ ಬಿಚ್ಚಿದವರನ್ನ ಹುಡುಕಬೇಕು. ಬಿಚ್ಚಿ ಜೋಡಿಸೋದು ಲೂಗರ್‌ನಷ್ಟು ಸಲೀಸಲ್ಲ, ಕೈಗೆ ಸಿಕ್ಕ ಸ್ಕ್ರೂಡ್ರೈವರ್ ಹಾಕಿ ಸ್ಕ್ರೂ ತಲೆ ಹರಿದವರ ಕೈಯಿಂದ ಬಂದ ಪೀಸ್‌ಗಳೇ ಜಾಸ್ತಿ, ಸ್ಕ್ರೂ ಗೀರಿನ ಅಂಚು ಎದ್ದಿದ್ರೆ ಒಳಗೆ ಯಾರೋ ಕೈಯಾಡಿಸಿದಾರೆ ಅಂತ ಲೆಕ್ಕ. ಹಿಡಿಯ ಮರ ಬಿರುಕು ಬಿಟ್ಟಿರುತ್ತೆ. ಓದೋಕೆ ಸಿಗೋ ಮಾಹಿತಿ ಹೆಚ್ಚಿನದ್ದು ಜರ್ಮನ್‌ನಲ್ಲೋ ಹಂಗೇರಿಯನ್‌ನಲ್ಲೋ. ಮತ್ತೆ ಮಾರೋಕೆ ಹೋದ್ರೆ ಲೂಗರ್ ಥರ ಮರುದಿನಾನೇ ಗಿರಾಕಿ ಸಿಗಲ್ಲ, ಕಾಯಬೇಕು.

ಕಾನೂನು ವಿಷಯ ನಿಮ್ಮ ನಿಮ್ಮ ದೇಶದ್ದು ನೀವೇ ನೋಡ್ಕೊಳ್ಳಿ, ಕಾಗದ ಪತ್ರ ಮೊದಲು, ದುಡ್ಡು ಆಮೇಲೆ. ಅಮೆರಿಕದ ಫೆಡರಲ್ ಕಾನೂನಲ್ಲಿ ಆಂಟಿಕ್ ಅನ್ನಿಸ್ಕೊಳ್ಳೋಕೆ 1898 ಇಲ್ಲಾ ಅದಕ್ಕೂ ಹಿಂದೆ ತಯಾರಾಗಿರಬೇಕು, ಅಂದ್ರೆ ಮೊದಮೊದಲ ಸಿ96 ಆ ಗೆರೆಯೊಳಗೆ ಬರುತ್ತೆ, ರೋಥ್-ಸ್ಟೈಯರ್ ಬರಲ್ಲ. ಕೆಲವು ಕಡೆ ಕೆಲಸ ಮಾಡದ ಹಾಗೆ ಡೀಆಕ್ಟಿವೇಟ್ ಮಾಡಿದ್ದು ಮಾತ್ರ ಇಟ್ಕೋಬಹುದು, ಇಟ್ಕೊಳ್ಳಿ, ಆದ್ರೆ ತಗೊಳ್ಳೋ ಮುಂಚೆ ಬೋಲ್ಟ್ ಚಲಿಸುತ್ತಾ ಕೇಳಿ. ಬೆಸುಗೆ ಹಾಕಿ ಬಿಗಿದಿದ್ರೆ ಈ ಪಿಸ್ತೂಲಿನ ಅರ್ಧ ಸುಖ ಹೋಯ್ತು, ಬ್ಯಾರೆಲ್ ತಿರುಗೋದು ನೋಡೋಕಾಗಲ್ಲ.

ಇಡೋದು ಹೇಗೆ ಅಂತ ಒಂದು ಮಾತು. ಒರಿಜಿನಲ್ ಚರ್ಮದ ಹೋಲ್ಸ್ಟರ್ ಸಿಕ್ಕಿದ್ರೆ ಅದರೊಳಗೆ ಪಿಸ್ತೂಲ್ ಇಟ್ಟು ಖುಷಿ ಪಡಬೇಡಿ, ಚರ್ಮ ತೇವ ಎಳ್ಕೊಳ್ಳುತ್ತೆ, ಹದ ಮಾಡೋಕೆ ಹಾಕಿದ ಆಮ್ಲನೂ ಅದರಲ್ಲಿರುತ್ತೆ, ಲೋಹಕ್ಕೆ ತುಕ್ಕು ಗ್ಯಾರಂಟಿ. ಬೇರೆ ಬೇರೆ ಇಡಿ. ಪಿಸ್ತೂಲಿಗೆ ತೆಳ್ಳಗೆ ರಿನೈಸಾನ್ಸ್ ವ್ಯಾಕ್ಸ್ ಸವರಿ, ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪುಗೊಂಡ ಮೇಣ ಅದು, ಎಣ್ಣೆ ಥರ ಮರಕ್ಕೆ ಇಳಿದು ಕೊಳಕು ಮಾಡಲ್ಲ.

ರೇಟಿಂಗ್ ಕೇಳಿದ್ರೆ, ಮೆಕ್ಯಾನಿಸಂಗೆ ಐದಕ್ಕೆ ಐದು, ಅಂದಕ್ಕೆ ಎರಡು, ಇತಿಹಾಸಕ್ಕೆ ಐದು, ಬಿಡಿಭಾಗಕ್ಕೆ ಒಂದು, ಅದೂ ದಯೆಯಿಂದ. ಕೊಡೋ ದುಡ್ಡಿಗೆ ಸಿಗೋ ಮಾಲು ಅಂತ ನೋಡಿದ್ರೆ ನಾಲ್ಕೂವರೆ, ಅದೇ ಕಂಡೀಷನ್‌ನ ಸಿ96ಗಿಂತ ಸಾಮಾನ್ಯವಾಗಿ ಕಮ್ಮಿಗೇ ಸಿಗುತ್ತೆ ಅನ್ನೋ ಕಾರಣಕ್ಕೆ.

ಹಾಂ, ಕ್ಲಿಪ್. ಹತ್ತು ತೋಟಾ ಹಿಡಿಯೋ ಒರಿಜಿನಲ್ ಕ್ಲಿಪ್, ಮೇಲೆ ಒತ್ತೋಕೆ ಒಂದು ಹಿಡಿ ಇರುತ್ತೆ, ತೆಳು ತಗಡಿನದ್ದು, ಸೈನಿಕರು ಎಸೆದಿದ್ದೇ ಜಾಸ್ತಿ ಆಗಿರೋದ್ರಿಂದ ಪಿಸ್ತೂಲಿಗಿಂತ ಅದನ್ನ ಹುಡುಕೋದೇ ಕಷ್ಟ. ಮಾರೋರಲ್ಲಿ ಎಷ್ಟೋ ಜನಕ್ಕೆ ಅದೇನು ಅಂತಾನೇ ಗೊತ್ತಿರಲ್ಲ, ಹಳೇ ಸಾಮಾನಿನ ಡಬ್ಬಿಯಲ್ಲಿ ಬೇರೆ ಬಂದೂಕಿನ ಕ್ಲಿಪ್‌ಗಳ ಜೊತೆ ಸೇರಿಸಿ ಇಟ್ಟಿರ್ತಾರೆ. ಪಿಸ್ತೂಲ್ ಸಿಕ್ಕದಿದ್ರೂ ಪರವಾಗಿಲ್ಲ, ಕ್ಲಿಪ್ ಕಂಡ್ರೆ ಮೊದಲು ಎತ್ತಿಟ್ಕೊಳ್ಳಿ, ನಿಮಗೆ ಬೇಡ ಅಂದ್ರೆ ನನಗೆ ಹೇಳಿ.